ಹದಿನೇಳರ ಹುಡುಗ ಒಂದು ಟೋಪಿ ಎತ್ತಿಕೊಂಡರೆ ಊರೆಲ್ಲ ಯಾಕೆ ಕುಣಿಯುತ್ತದೆ?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಕೊಲಂಬಸ್‌ನಲ್ಲಿ, ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಎಸ್ ಓದುತ್ತಿದ್ದಾಳೆ. ಇಲ್ಲಿದ್ದಾಗ ಕ್ರಿಕೆಟ್ ಸ್ಕೋರ್ ಕೂಡ ಕೇಳಿದವಳಲ್ಲ. ಈಗ ಶನಿವಾರ ಬಂದರೆ ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಯಾವುದೋ ಹೈಸ್ಕೂಲ್ ಹುಡುಗ ಇವರ ಕಾಲೇಜಿಗೆ ಬರುತ್ತೇನೆ ಅಂದು ಕೊನೆ ಗಳಿಗೆಯಲ್ಲಿ ಬೇರೆ ಕಡೆ ಹೋದನಂತೆ, ಅದಕ್ಕೂ ಬೇಜಾರು ಮಾಡಿಕೊಂಡಿದ್ದಳು. ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು? ಅವನ ಬಗ್ಗೆಯೇ ಯಾಕೆ ಇಷ್ಟು ಚರ್ಚೆ? ಓದುವ ಹುಡುಗರ ಆಟ ನೋಡಲು ಲಕ್ಷ ಜನ ಯಾಕೆ ಸೇರುತ್ತಾರೆ? ಬರುವ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಒಂದು ಪಂದ್ಯ ನೋಡಬಹುದೇ? (ಹಾಸನದ ಓದುಗರು)

ಉತ್ತರ: ಖಂಡಿತ ನೋಡಿ. ಹೇಗೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡು ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಿಮ್ಮ ಮಗಳಿಗೆ ಹಿಡಿದಿರುವ ಹುಚ್ಚು ಹೊಸದೇನಲ್ಲ. ಆ ಕಡೆಯ ದೊಡ್ಡ ಕಾಲೇಜುಗಳಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಜನ ಮೊದಲ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹೀಗೇ ಆಗಿರುತ್ತಾರೆ.

ನೀವು ಕೇಳಿರುವ ಪ್ರಶ್ನೆಗಳು ಬೇರೆ ಬೇರೆ ಅನಿಸಿದರೂ ಬೇರು ಒಂದೇ. ವಿರಾಟ್ ಕೊಹ್ಲಿ 2008ರಿಂದ ಆರ್‌ಸಿಬಿಯಲ್ಲೇ ಇದ್ದಾರೆ. ಕಾಲೇಜು ಫುಟ್‌ಬಾಲ್ ಅಭಿಮಾನಿಗೆ ಅಂಥ ಭಾಗ್ಯವೇ ಇಲ್ಲ. ಎಂಥ ದೊಡ್ಡ ಆಟಗಾರನಾದರೂ ನಾಲ್ಕೈದು ವರ್ಷಕ್ಕೆ ಅವನ ಅವಧಿ ಮುಗಿಯುತ್ತದೆ, ಹೊರಡಲೇಬೇಕು. ಈಗಂತೂ ಒಂದೇ ವರ್ಷಕ್ಕೆ ಹೊರಡುವವರೂ ಇದ್ದಾರೆ. ಉಳಿಯುವುದು ಕಾಲೇಜಿನ ಹೆಸರು, ಸ್ಟೇಡಿಯಂ, ಬ್ಯಾಂಡ್ ಮತ್ತು ಶನಿವಾರ. ಹಾಗಾಗಿ ಅಭಿಮಾನಿ ಎರಡು ಕೆಲಸ ಮಾಡುತ್ತಾನೆ. ಮುಂದೆ ಬರುವ ಹುಡುಗ ಯಾರು ಎಂದು ವರ್ಷವಿಡೀ ಕಾಯುತ್ತಾನೆ. ಎಂದೂ ಬದಲಾಗದ ಪದ್ಧತಿಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಕಾಲೇಜು ಫುಟ್‌ಬಾಲ್‌ನ ಹುಚ್ಚೆಲ್ಲ ಈ ಎರಡರ ನಡುವೆಯೇ ಇದೆ.

ಇದನ್ನು 'ಓದುವ ಹುಡುಗರ ಆಟ' ಎಂದು ಸಣ್ಣದು ಮಾಡಬೇಡಿ. ಅಮೆರಿಕದಲ್ಲಿ ವೃತ್ತಿಪರ ಫುಟ್‌ಬಾಲ್‌ಗಿಂತ ಕಾಲೇಜು ಫುಟ್‌ಬಾಲೇ ಹಿರಿಯದು. ಎರಡು ಕಾಲೇಜುಗಳ ನಡುವಿನ ಮೊದಲ ಪಂದ್ಯ, ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ, 1869ರ ನವೆಂಬರ್‌ನಲ್ಲಿ ನಡೆಯಿತು. ವೃತ್ತಿಪರರ ಎನ್‌ಎಫ್‌ಎಲ್ ಶುರುವಾಗಿದ್ದು 1920ರಲ್ಲಿ. ಕೊಲಂಬಸ್‌ಗೆ ಈಗ ಎನ್‌ಎಫ್‌ಎಲ್ ತಂಡವಿಲ್ಲ. ಅದೇ ರಾಜ್ಯದ ಕ್ಲೀವ್‌ಲ್ಯಾಂಡ್‌ಗಿದೆ, ಸಿನ್ಸಿನಾಟಿಗಿದೆ, ರಾಜಧಾನಿ ಕೊಲಂಬಸ್‌ಗೆ ಮಾತ್ರ ಇಲ್ಲ. ಅಲ್ಲಿಯ ತರಕಾರಿ ಮಾರುವವರಿಗೂ ಡಾಕ್ಟರಿಗೂ ಬಸ್ ಡ್ರೈವರಿಗೂ ಊರಿನ ತಂಡ ಅಂದರೆ ಕಾಲೇಜಿನದೇ. ಅವರಲ್ಲಿ ಎಷ್ಟೋ ಜನ ಆ ಕಾಲೇಜಿನಲ್ಲಿ ಓದಿದವರೂ ಅಲ್ಲ. 1922ರಲ್ಲಿ ಕಟ್ಟಿದ ಓಹಾಯೋ ಸ್ಟೇಡಿಯಂನಲ್ಲಿ ಈಗ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರಬಹುದು. ಬದ್ಧ ವೈರಿ ಮಿಷಿಗನ್‌ನ ಸ್ಟೇಡಿಯಂ ಇನ್ನೂ ದೊಡ್ಡದು, 1,07,601 ಸೀಟು.

ಈಗ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ. ಆಟ ಸ್ವಲ್ಪ ತಿಳಿಯದೆ ಅವನು ಅರ್ಥವಾಗುವುದಿಲ್ಲ. ಎರಡೂ ಕಡೆ 11 ಜನ, ಮೈದಾನ 100 ಗಜ ಉದ್ದ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೆ ಡೌನ್ ಅನ್ನುತ್ತಾರೆ. 10 ಗಜ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದು ಕಳಿಸಿದರೆ 3 ಅಂಕ. ಸದ್ಯಕ್ಕೆ ಇಷ್ಟು ಸಾಕು.

ಮೂರನೇ ಡೌನ್ ನಡೆಯುತ್ತಿದೆ, ಇನ್ನೂ 7 ಗಜ ಬೇಕು ಅಂದುಕೊಳ್ಳಿ. ಯಾವ ಆಟ ಆಡಬೇಕು ಎಂದು ಕೋಚ್ ಹೇಳುವುದು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನಲ್ಲಿರುವ ಸ್ಪೀಕರ್‌ನಲ್ಲಿ ಕೇಳಿಸುತ್ತದೆ. ದೊಡ್ಡ ಕಾಲೇಜುಗಳಿಗೆ ಈ ಸವಲತ್ತು ಸಿಕ್ಕಿದ್ದು 2024ರಲ್ಲಿ. ಆದರೆ ಆ ಡೌನ್ ಶುರುಮಾಡಲು ಕೊಟ್ಟ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಬಂದ್ ಆಗುತ್ತದೆ. ಅಲ್ಲಿಂದ ಮುಂದೆ ಹುಡುಗನೇ ಎಲ್ಲ. ಎದುರಾಳಿ ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಕಾವಲುಗಾರರಿಗೆ ಸೇಫ್ಟಿ ಅನ್ನುತ್ತಾರೆ. ಇಬ್ಬರೂ ದೂರದಲ್ಲಿ ನಿಂತಿದ್ದಾರೆ, ಅಂದರೆ ಮಧ್ಯೆ ಜಾಗ ಖಾಲಿ ಇದೆ. ಇದು ನಿಜವೋ ನಾಟಕವೋ? ಪರೀಕ್ಷೆ ಮಾಡಲು ಅವನು ತನ್ನವನೊಬ್ಬನನ್ನು ಅಡ್ಡಕ್ಕೆ ಓಡಿಸುತ್ತಾನೆ. ಅವನ ಬೆನ್ನಿಗೇ ಎದುರಾಳಿಯೊಬ್ಬ ಓಡಿದರೆ, ಅವರು ಒಬ್ಬೊಬ್ಬರನ್ನು ಹಂಚಿಕೊಂಡು ಕಾಯುತ್ತಿದ್ದಾರೆ ಎಂದು ಸುಳಿವು. ಯಾರೂ ಕದಲದಿದ್ದರೆ ಜಾಗ ಹಂಚಿಕೊಂಡಿದ್ದಾರೆ. ಲಕ್ಷ ಜನ ಕಿರುಚುತ್ತಿರುತ್ತಾರೆ, ಅವನು ಕೈಸನ್ನೆಯಲ್ಲೇ ತನ್ನವರಿಗೆ ಆಟ ಬದಲಾಯಿಸಿ ಹೇಳುತ್ತಾನೆ. ಚೆಂಡು ಕೈಗೆ ಬಂದ ತಕ್ಷಣ ಒಬ್ಬ ಸೇಫ್ಟಿ ಮುಂದಕ್ಕೆ ನುಗ್ಗುತ್ತಾನೆ. ಮಧ್ಯದ ಜಾಗ ಮುಚ್ಚಿಹೋಯಿತು. 120 ಕಿಲೋ ತೂಕದವರು ಎರಡೂ ಬದಿಯಿಂದ ಮೈಮೇಲೆ ಬರುತ್ತಿದ್ದಾರೆ. ಕೈಯಲ್ಲಿರುವುದು ಎರಡೂವರೆ ಮೂರು ಸೆಕೆಂಡ್. ಅಷ್ಟರಲ್ಲಿ ಬೇರೆ ದಾರಿ ನೋಡಿ, ಹಿಡಿಯುವವನು ಇನ್ನೂ ತಿರುಗಿ ನೋಡುವ ಮೊದಲೇ, ಅವನು ಬಂದು ಸೇರಬೇಕಾದ ಖಾಲಿ ಜಾಗಕ್ಕೆ ಚೆಂಡು ಎಸೆಯಬೇಕು. ಇಷ್ಟೆಲ್ಲ ಮಾಡುವವನಿಗೆ 19 ವರ್ಷ!

ಬಹುತೇಕ ಪ್ರತಿ ಡೌನ್‌ನಲ್ಲೂ ಚೆಂಡು ಅವನ ಕೈಯಿಂದಲೇ ಹೊರಡುತ್ತದೆ. ಮುಂದಕ್ಕೆ ಚೆಂಡು ಎಸೆಯುವುದಕ್ಕೆ ನಿಯಮ ಒಪ್ಪಿದ್ದು 1906ರಲ್ಲಿ. ಅಲ್ಲಿಯವರೆಗೆ ಇದು ತಳ್ಳಾಟದ ಆಟವೇ ಆಗಿತ್ತು. ಹಿಂದಿನ ವರ್ಷ ಆಟಗಾರರು ಸಾಯುವಷ್ಟು ಗಾಯಗೊಂಡಿದ್ದಕ್ಕೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಿದ್ದರು. ಎಸೆತ ಬಂತು, ಕ್ವಾರ್ಟರ್‌ಬ್ಯಾಕ್‌ನ ಮಹತ್ವ ಏರುತ್ತಾ ಹೋಯಿತು. ಇನ್ನೊಂದು ವಿಷಯ. ಉಳಿದ ಬಹಳಷ್ಟು ಜಾಗಗಳಲ್ಲಿ ಆಟಗಾರರು ಸರದಿಯ ಮೇಲೆ ಆಡುತ್ತಾರೆ, ಇಲ್ಲಿ ಆಡುವವನು ಒಬ್ಬನೇ. ಎರಡನೆಯವನು ಎಷ್ಟೇ ಚೆನ್ನಾಗಿದ್ದರೂ ಬೆಂಚಿನ ಮೇಲೆ. ನಿಮ್ಮ ಮಗಳ ಬೇಜಾರಿನ ಮೂಲ ಇರುವುದು ಇಲ್ಲೇ.

ರೆಕ್ರೂಟಿಂಗ್ ಅಂದರೆ ಕಾಲೇಜುಗಳು ಹೈಸ್ಕೂಲ್ ಹುಡುಗರನ್ನು ಒಲಿಸಿಕೊಳ್ಳುವ ಕೆಲಸ. ಐಪಿಎಲ್ ಹರಾಜಿನಲ್ಲಿ ತಂಡ ಆಟಗಾರನನ್ನು ಆರಿಸುತ್ತದೆ. ಇಲ್ಲಿ ಉಲ್ಟಾ, ಹುಡುಗ ಕಾಲೇಜನ್ನು ಆರಿಸುತ್ತಾನೆ. ಎನ್‌ಎಫ್‌ಎಲ್‌ನಲ್ಲಿ ಕಳೆದ ಸಲ ಕೆಟ್ಟದಾಗಿ ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತದೆ. ಕಾಲೇಜಿನಲ್ಲಿ ಅಂಥ ಸಮಾಧಾನ ಇಲ್ಲ. ಗೆದ್ದವರ ಹತ್ತಿರವೇ ಒಳ್ಳೆ ಹುಡುಗರು ಹೋಗುತ್ತಾರೆ, ಅವರು ಮತ್ತೆ ಗೆಲ್ಲುತ್ತಾರೆ. ಅದಕ್ಕೇ ಕೋಚ್‌ಗಳು ಹುಡುಗನ ಮನೆಗೇ ಹೋಗಿ ಅಡುಗೆಮನೆ ಮೇಜಿನ ಮುಂದೆ ಕೂತು ಅವನ ಅಮ್ಮನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಾರೆ. ಖರ್ಚು ಕೊಟ್ಟು ಮನೆಯವರನ್ನೆಲ್ಲ ಕ್ಯಾಂಪಸ್‌ಗೆ ಕರೆಸುತ್ತಾರೆ. ಹುಡುಗನ ಆಟ ನೋಡಿ ಸ್ಟಾರ್ ಕೊಡುವ ವೆಬ್‌ಸೈಟುಗಳೇ ಇವೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗಷ್ಟೇ ಐದು ಸ್ಟಾರ್. ಕೊನೆಗೆ ಹುಡುಗ ಮೇಜಿನ ಮೇಲೆ ಮೂರ್ನಾಲ್ಕು ಕಾಲೇಜುಗಳ ಟೋಪಿ ಸಾಲಾಗಿ ಇಟ್ಟುಕೊಂಡು, ಮನೆಯವರ ನಡುವೆ ಕೂತು, ಒಂದನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾನೆ. ಅದು ಟಿವಿಯಲ್ಲಿ ಬರುತ್ತದೆ.

ಆದರೆ ಅದು ಬಾಯಿಮಾತು ಅಷ್ಟೇ. ಸಹಿ ಹಾಕುವುದು ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಯಾವಾಗ ಬೇಕಾದರೂ ಮನಸ್ಸು ಬದಲಾಯಿಸಬಹುದು, ಅಭಿಮಾನಿಗಳು ಇದಕ್ಕೆ ಫ್ಲಿಪ್ ಅನ್ನುತ್ತಾರೆ. ಮಿಷಿಗನ್‌ನ ಬ್ರೈಸ್ ಅಂಡರ್‌ವುಡ್ ಇದಕ್ಕೆ ಸರಿಯಾದ ಉದಾಹರಣೆ. ತನ್ನ ವಯಸ್ಸಿನವರಲ್ಲಿ ದೇಶಕ್ಕೇ ಒಂದನೇ ಸ್ಥಾನದ ಕ್ವಾರ್ಟರ್‌ಬ್ಯಾಕ್ ಎಂದು ಹೆಸರಾಗಿದ್ದವನು. ಮನೆ ಮಿಷಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ಗೆ ಹತ್ತಿರದಲ್ಲೇ. 2024ರ ಜನವರಿಯಲ್ಲಿ ಲೂಯಿಸಿಯಾನದ ಎಲ್‌ಎಸ್‌ಯುಗೆ ಹೋಗುತ್ತೇನೆ ಅಂದ. ನವೆಂಬರ್‌ನಲ್ಲಿ ಮಿಷಿಗನ್‌ಗೆ ತಿರುಗಿದ. ಮರುವರ್ಷ ಮೊದಲ ಪಂದ್ಯದಿಂದಲೇ ಅವನ ಕೈಗೆ ಚೆಂಡು ಕೊಟ್ಟರು. ಎಲ್‌ಎಸ್‌ಯು ಅಭಿಮಾನಿಗಳಿಗೆ ಹೇಗಾಗಿರಬೇಡ? ಒಂದು ಕಾಲೇಜು ವರ್ಷಕ್ಕೆ ಸಾಮಾನ್ಯವಾಗಿ ಒಬ್ಬನೇ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಳ್ಳುತ್ತದೆ. ಅವನಿಗಾಗಿ ಬೇರೆಯವರನ್ನು ಬಿಟ್ಟಿರುತ್ತಾರೆ. ಅವನ ಎಸೆತ ಹಿಡಿಯುವ ಆಸೆಯಿಂದ ಬೇರೆ ಹುಡುಗರೂ ಅದೇ ಕಾಲೇಜಿಗೆ ಮಾತು ಕೊಟ್ಟಿರುತ್ತಾರೆ. ಅವನೊಬ್ಬ ಕೈಕೊಟ್ಟರೆ ಎರಡು ಮೂರು ವರ್ಷದ ಲೆಕ್ಕಾಚಾರವೇ ತಲೆಕೆಳಗು.

ಹಣದ ಮಾತೂ ಹೇಳಲೇಬೇಕು. 2021ರ ಜುಲೈವರೆಗೆ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನಿಂದ ಒಂದು ಡಾಲರ್ ದುಡಿದರೂ ತಪ್ಪಾಗುತ್ತಿತ್ತು. ಸ್ಟೇಡಿಯಂ ತುಂಬುತ್ತಿತ್ತು, ಟಿವಿಯಿಂದ ಕೋಟಿ ಕೋಟಿ ಬರುತ್ತಿತ್ತು, ಕೋಚ್‌ಗಳು ಶ್ರೀಮಂತರಾಗುತ್ತಿದ್ದರು, ಮೈಮುರಿದುಕೊಂಡು ಆಡುವ ಹುಡುಗನಿಗೆ ಸಿಗುತ್ತಿದ್ದುದು ಸ್ಕಾಲರ್‌ಶಿಪ್ ಮಾತ್ರ. ಅದು ಅನ್ಯಾಯ ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಈಗ ಜಾಹೀರಾತಿನ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ, ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ, ಸುಮಾರು 2 ಕೋಟಿ 5 ಲಕ್ಷ ಡಾಲರ್. ಇದರ ಜೊತೆಗೇ ಕಾಲೇಜು ಬದಲಾಯಿಸುವುದೂ ಸುಲಭವಾಯಿತು. ಮುಂಚೆ ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಈಗ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿದರೆ ಸಾಕು, ಬೇರೆ ಕಾಲೇಜಿನಲ್ಲಿ ಮುಂದಿನ ಸೀಸನ್‌ಗೇ ಆಡಬಹುದು.

ಹಳೆಯ ಅಭಿಮಾನಿಗಳಿಗೆ ಇದು ನಿಷ್ಠೆ ಇಲ್ಲದ ಕಾಲ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಕಾರಣ ಕೊಲಂಬಸ್‌ನಲ್ಲೇ ಇದೆ. ಜೋ ಬರೋ ಎಂಬ ಹುಡುಗ ಓಹಾಯೋದ ಆಥೆನ್ಸ್ ಕಡೆಯವನು. ಓಹಾಯೋ ಸ್ಟೇಟ್‌ನಲ್ಲಿ ಮೂರು ಸೀಸನ್ ಬಹುಪಾಲು ಬೆಂಚಿನ ಮೇಲೇ ಕಳೆದ. ಅಷ್ಟರಲ್ಲಿ ಡಿಗ್ರಿ ಮುಗಿಸಿ, 2018ರಲ್ಲಿ ಎಲ್‌ಎಸ್‌ಯುಗೆ ಹೋದ. 2019ರಲ್ಲಿ 15 ಪಂದ್ಯ ಆಡಿ 15 ಗೆದ್ದರು. ಅವನೊಬ್ಬನೇ 60 ಟಚ್‌ಡೌನ್ ಎಸೆದ. ಆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಪಡೆಯುವಾಗ ಅವನು ತನ್ನ ಜಿಲ್ಲೆಯ ಬಡತನದ ಬಗ್ಗೆ, ಹಸಿದು ಮನೆಗೆ ಹೋಗುವ ಶಾಲಾ ಮಕ್ಕಳ ಬಗ್ಗೆ ಅಳುತ್ತಾ ಮಾತಾಡಿದ. ಅದನ್ನು ಕೇಳಿದ ಜನ ಕೆಲವೇ ದಿನಗಳಲ್ಲಿ ಅಲ್ಲಿಯ ಉಚಿತ ಆಹಾರ ಕೇಂದ್ರಕ್ಕೆ ಐದು ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟರು. ಬೆಂಚಿನ ಮೇಲೇ ಕೂತಿದ್ದರೆ ಆ ಹುಡುಗನ ಮಾತು ಯಾರಿಗೆ ಕೇಳಿಸುತ್ತಿತ್ತು? ಓಹಾಯೋ ಸ್ಟೇಟ್ ಕೂಡ ಹೊರಗಿನಿಂದ ಬಂದವರಿಂದಲೇ ಗೆದ್ದಿದೆ. 2024ರ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದ ವಿಲ್ ಹೋವರ್ಡ್ ಕಾನ್ಸಾಸ್ ಸ್ಟೇಟ್‌ನಿಂದ ಬಂದವನು. ಅವನ ನಂತರ ಚೆಂಡು ಹಿಡಿದ ಜೂಲಿಯನ್ ಸೇಯಿನ್ ಅಲಬಾಮಾದಿಂದ.

ಸ್ಟಾರ್‌ಗಳನ್ನು ಎಷ್ಟು ನಂಬಬೇಕು? ಇಡೀ ತಂಡದ ಲೆಕ್ಕದಲ್ಲಿ ನಂಬಿ. ನಾಲ್ಕು ಐದು ಸ್ಟಾರ್ ಹುಡುಗರು ಹೆಚ್ಚು ಇರುವ ಕಾಲೇಜುಗಳೇ ಬಹುತೇಕ ವರ್ಷ ಕಪ್ ಎತ್ತಿವೆ. ಆದರೆ ಒಬ್ಬ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಜೋಪಾನ. ತೋಳಿನ ಬಲ, ಎತ್ತರ, ಓಟ ಎಲ್ಲವನ್ನೂ ಅಳೆಯಬಹುದು. ಆ ಮೂರು ಸೆಕೆಂಡಿನಲ್ಲಿ ಅವನು ಏನು ನೋಡುತ್ತಾನೆ ಅನ್ನುವುದನ್ನು ಯಾರೂ ಅಳೆದಿಲ್ಲ. ಡಿಯೇಗೋ ಪಾವಿಯಾ ಎಂಬವನಿಗೆ ಹೈಸ್ಕೂಲ್ ಮುಗಿದಾಗ ದೊಡ್ಡ ಕಾಲೇಜುಗಳು ಯಾವುವೂ ಕರೆಯಲಿಲ್ಲ. ಎರಡು ವರ್ಷದ ಕೋರ್ಸಿನ ಒಂದು ಮಿಲಿಟರಿ ಕಾಲೇಜಿನಲ್ಲಿ ಆಡಿದ, ಅಲ್ಲಿಂದ ನ್ಯೂ ಮೆಕ್ಸಿಕೋ ಸ್ಟೇಟ್‌ಗೆ, ಅಲ್ಲಿಂದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್‌ಗೆ ಬಂದ. ವ್ಯಾಂಡರ್‌ಬಿಲ್ಟ್ ಓದಿಗೆ ಹೆಸರಾದ ಕಾಲೇಜು, ಫುಟ್‌ಬಾಲ್‌ನಲ್ಲಿ ಸೋಲುವುದು ಅಲ್ಲಿಯವರೆಗೆ ಮಾಮೂಲಿಯಾಗಿತ್ತು. 2024ರ ಅಕ್ಟೋಬರ್ 5ರಂದು ಅವನ ತಂಡ ದೇಶದ ಒಂದನೇ ಸ್ಥಾನದಲ್ಲಿದ್ದ ಅಲಬಾಮಾವನ್ನು 40-35ರಿಂದ ಸೋಲಿಸಿತು. 1984ರ ನಂತರ ಅಲಬಾಮಾ ಮೇಲೆ ಅವರಿಗೆ ಗೆಲುವೇ ಇರಲಿಲ್ಲ. ಹುಡುಗರು ಮೈದಾನಕ್ಕೆ ನುಗ್ಗಿ ಗೋಲ್ ಕಂಬ ಕಿತ್ತು, ಹೆಗಲ ಮೇಲೆ ಹೊತ್ತು, ಊರಿನ ಮುಖ್ಯ ರಸ್ತೆಯಲ್ಲಿ ಸುಮಾರು ಮೂರು ಮೈಲಿ ಮೆರವಣಿಗೆ ಮಾಡಿ ಕಂಬರ್‌ಲ್ಯಾಂಡ್ ನದಿಗೆ ಎಸೆದರು. ಕಾಲೇಜಿಗೆ ಒಂದು ಲಕ್ಷ ಡಾಲರ್ ದಂಡ ಬಿತ್ತು. ಆಮೇಲೆ ಆ ಕಂಬವನ್ನು ನೀರಿನಿಂದ ತೆಗೆದು ತುಂಡು ತುಂಡಾಗಿ ಮಾರಿದರು.

ಒಂದು ಮಾತನ್ನು ನಿಮ್ಮ ಮಗಳಿಗೂ ಹೇಳಿ. ಕಾಲೇಜು ಬದಲಾಯಿಸಿದ ಹುಡುಗನ ಖಾತೆಗೆ ಹೋಗಿ ಬೈದು ಬರುವ ಅಭಿಮಾನಿಗಳಿದ್ದಾರೆ. 17 ವರ್ಷದ ಹುಡುಗ, ಓದು, ಮನೆಯ ಸಾಲ, ಅಮ್ಮನಿಂದ ದೂರ, ಎಲ್ಲ ಯೋಚಿಸಿ ತೆಗೆದುಕೊಂಡ ತೀರ್ಮಾನ ಅದು. ಬೇಜಾರಾಗಲಿ, ಆಗಬೇಕು ಕೂಡ. ಆದರೆ ಅವನಿಗೆ ಮೆಸೇಜ್ ಕಳಿಸಬಾರದು. ಹೊಗಳುವುದಕ್ಕೂ ಬೇಡ.

ಇನ್ನು ಪಂದ್ಯದ ದಿನ. ಬೆಳಿಗ್ಗೆಯೇ ಪಾರ್ಕಿಂಗ್ ಜಾಗಗಳು ತುಂಬುತ್ತವೆ. ಕಾರಿನ ಹಿಂದಿನ ಬಾಗಿಲು ತೆರೆದು, ಒಲೆ ಹಚ್ಚಿ, ಮೇಜು ಹಾಸಿ, ಪರಿಚಯ ಇಲ್ಲದವರನ್ನೂ ಕರೆದು ಊಟ ಕೊಡುತ್ತಾರೆ. ಇದಕ್ಕೆ ಟೇಲ್‌ಗೇಟಿಂಗ್ ಅನ್ನುತ್ತಾರೆ. ಟಿಕೆಟ್ ಇಲ್ಲದವರೂ ಇದಕ್ಕೆಂದೇ ಬರುತ್ತಾರೆ. ರಸ್ತೆಯಲ್ಲಿ ಯಾರೋ 'ಓ-ಎಚ್!' ಎಂದು ಕೂಗಿದರೆ ಎದುರಿಗಿರುವವರು 'ಐ-ಓ!' ಅನ್ನಬೇಕು. ದೂರದ ಊರಿನ ಏರ್‌ಪೋರ್ಟ್‌ನಲ್ಲೂ ಇದು ನಡೆಯುತ್ತದೆ. ನಿಮ್ಮ ಮಗಳ ಜೊತೆ ಹೊರಟರೆ ನೀವೇ ಕೇಳುತ್ತೀರಿ.

ಕೊಲಂಬಸ್‌ನ ಬ್ಯಾಂಡ್ ತಪ್ಪಿಸಿಕೊಳ್ಳಬೇಡಿ. ಹಿತ್ತಾಳೆ ವಾದ್ಯ ಮತ್ತು ಡ್ರಮ್ ಬಿಟ್ಟರೆ ಬೇರೆ ಏನೂ ಇಲ್ಲ. ಇಳಿಜಾರಿನಲ್ಲಿ ಓಡೋಡಿ ಬಂದು ಮೈದಾನಕ್ಕೆ ಇಳಿಯುತ್ತಾರೆ. ಆಮೇಲೆ ಒಬ್ಬರ ಹಿಂದೆ ಒಬ್ಬರು ನುಡಿಸುತ್ತಾ ಸಾಗಿ, ಹುಲ್ಲಿನ ಮೇಲೆ 'ಓಹಾಯೋ' ಎಂದು ಕೂಡಕ್ಷರದಲ್ಲಿ ಬರೆಯುತ್ತಾರೆ. 1936ರಿಂದ ಇದು ನಡೆದಿದೆ. ಇಂಗ್ಲಿಷಿನ ಐ ಅಕ್ಷರದ ಮೇಲಿನ ಚುಕ್ಕಿ ಮಾತ್ರ ಬಾಕಿ ಇರುತ್ತದೆ. ಸೂಸಾಫೋನ್ ಎಂಬ ಭಾರಿ ವಾದ್ಯ ಹೊತ್ತ ಹಿರಿಯ ವಿದ್ಯಾರ್ಥಿಯೊಬ್ಬರು ಸಾಲಿನಿಂದ ಹೊರಬಂದು, ಕಾಲು ಎತ್ತೆತ್ತಿ ಹಾಕುತ್ತಾ ಹೋಗಿ ಆ ಜಾಗದಲ್ಲಿ ನಿಂತು, ಟೋಪಿ ತೆಗೆದು, ಎರಡೂ ಕಡೆಯ ಜನಕ್ಕೆ ನೆಲ ಮುಟ್ಟುವಷ್ಟು ಬಾಗುತ್ತಾರೆ. ಆಗ ಏಳುವ ಸದ್ದು ಟಚ್‌ಡೌನ್‌ಗೂ ಏಳುವುದಿಲ್ಲ. ಗಗನಯಾತ್ರಿ ಜಾನ್ ಗ್ಲೆನ್‌ಗೂ ಒಮ್ಮೆ ಆ ಚುಕ್ಕಿಯಾಗುವ ಗೌರವ ಸಿಕ್ಕಿತ್ತು. ಆಟ ಮುಗಿದ ಮೇಲೆ ಎದ್ದು ಬರಬೇಡಿ. ಗೆದ್ದರೂ ಸೋತರೂ ಆಟಗಾರರು ಬ್ಯಾಂಡಿನ ಮುಂದೆ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತು ಕಾಲೇಜಿನ ಗೀತೆ ಹಾಡುತ್ತಾರೆ. ಕಳೆದ ವರ್ಷ ಬೇರೆ ಕಾಲೇಜಿನಲ್ಲಿದ್ದವನೂ ಆ ಸಾಲಿನಲ್ಲಿ ನಿಂತು ಹಾಡುತ್ತಾನೆ. ಹುಡುಗರು ಇಷ್ಟು ಬೇಗ ಬೇಗ ಬದಲಾಗುವ ಈ ಕಾಲದಲ್ಲಿ, ಇವನು ನಮ್ಮವನು ಎಂದು ಊರಿಗೆ ಅನಿಸುವುದು ಅಲ್ಲೇ.

ಎಲ್ಲ ಕಾಲೇಜಿನಲ್ಲೂ ಇಂಥದ್ದು ಒಂದಲ್ಲ ಒಂದು ಇದೆ. ನನಗೆ ಬಹಳ ಇಷ್ಟವಾದದ್ದು ಅಯೋವಾದ್ದು. ಅಲ್ಲಿಯ ಸ್ಟೇಡಿಯಂ ಪಕ್ಕದಲ್ಲೇ ಎತ್ತರದ ಮಕ್ಕಳ ಆಸ್ಪತ್ರೆ ಇದೆ. 2017ರಿಂದ, ಮೊದಲ ಕ್ವಾರ್ಟರ್ (ಆಟದ ಕಾಲು ಭಾಗ) ಮುಗಿದ ಕೂಡಲೇ, ಸ್ಟೇಡಿಯಂನಲ್ಲಿರುವ ಎಲ್ಲರೂ ಆ ಕಡೆ ತಿರುಗಿ ಕೈ ಬೀಸುತ್ತಾರೆ. ಎದುರಾಳಿ ತಂಡದವರೂ, ರೆಫರಿಗಳೂ ಬೀಸುತ್ತಾರೆ. ಮೇಲಿನ ಕಿಟಕಿಗಳಿಂದ ಮಕ್ಕಳು ತಿರುಗಿ ಕೈ ಬೀಸುತ್ತಾರೆ. ಎಲ್ಲ ಪದ್ಧತಿಯೂ ಇಷ್ಟು ಒಳ್ಳೆಯದಲ್ಲ. ಮಿಷಿಗನ್ ಪಂದ್ಯದ ವಾರ ಓಹಾಯೋ ಸ್ಟೇಟ್ ವಿದ್ಯಾರ್ಥಿಗಳು ಕ್ಯಾಂಪಸ್‌ನ ಮಿರರ್ ಲೇಕ್‌ಗೆ ರಾತ್ರಿ ಹೊತ್ತು ಹಾರುತ್ತಿದ್ದರು, ನವೆಂಬರ್‌ನ ಚಳಿಯಲ್ಲಿ. 2015ರಲ್ಲಿ ಒಬ್ಬ ವಿದ್ಯಾರ್ಥಿ ಸತ್ತ. ಅದನ್ನು ನಿಲ್ಲಿಸಿದ್ದು ಸರಿಯಾಯಿತು.

ಆ ಮಿಷಿಗನ್ ಪಂದ್ಯವೇ ವರ್ಷದ ದೊಡ್ಡ ಹಬ್ಬ. ಎರಡೂ ತಂಡ ಮೊದಲು ಆಡಿದ್ದು 1897ರಲ್ಲಿ. ಆ ವಾರ ಓಹಾಯೋ ಸ್ಟೇಟ್ ಕ್ಯಾಂಪಸ್‌ನ ಬೋರ್ಡುಗಳಲ್ಲಿ ಎಂ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನಿಂದ ಕಾಟು ಹಾಕುತ್ತಾರೆ. 1934ರಲ್ಲಿ ಹೊಸ ಕೋಚ್ ಫ್ರಾನ್ಸಿಸ್ ಶ್ಮಿಡ್ಟ್‌ಗೆ ಮಿಷಿಗನ್ ಬಗ್ಗೆ ಕೇಳಿದಾಗ, ಅವರೂ ನಮ್ಮ ಹಾಗೇ ಒಂದೊಂದೇ ಕಾಲು ಹಾಕಿ ಪ್ಯಾಂಟ್ ತೊಡುತ್ತಾರೆ ಅಂದರಂತೆ. ಅಂದಿನಿಂದ ಮಿಷಿಗನ್ ಮೇಲೆ ಗೆದ್ದ ಪ್ರತಿ ಆಟಗಾರನಿಗೂ ಬಂಗಾರದ ಬಣ್ಣದ ಪುಟ್ಟ ಪ್ಯಾಂಟಿನ ಪದಕ ಕೊಡುತ್ತಾರೆ. 2024ರ ನವೆಂಬರ್‌ನಲ್ಲಿ ಓಹಾಯೋ ಸ್ಟೇಟ್ ತವರಿನಲ್ಲೇ 13-10ರಿಂದ ಸೋತಿತು, ಸತತ ನಾಲ್ಕನೇ ಸಲ. ಕೋಚ್ ರಯಾನ್ ಡೇಯನ್ನು ತೆಗೆಯಿರಿ ಎಂದು ಕೂಗೆದ್ದಿತು. ಎರಡು ತಿಂಗಳೊಳಗೆ ಅದೇ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಹಾಗಿದ್ದೂ ಹೋವರ್ಡ್‌ಗೆ ಆ ಪುಟ್ಟ ಪದಕ ಸಿಗಲಿಲ್ಲ. ಮಿಷಿಗನ್ ಮೇಲಿನ ಸೋಲಿನ ಸಾಲು ಮುರಿದದ್ದು 2025ರಲ್ಲಿ, 27-9ರಿಂದ.

ಈಗ ನಿಮ್ಮ ಪ್ರಯಾಣ. ಅಕ್ಟೋಬರ್‌ನಲ್ಲಿ ಕೊಲಂಬಸ್‌ನಲ್ಲೇ ನಡೆಯುವ ಪಂದ್ಯ ಯಾವುದು ಎಂದು ಮೊದಲು ನೋಡಿ, ಆಮೇಲೆ ವಿಮಾನದ ಟಿಕೆಟ್ ಮಾಡಿ. ಅರ್ಧದಷ್ಟು ಪಂದ್ಯ ಬೇರೆ ಊರುಗಳಲ್ಲಿರುತ್ತವೆ. ದುರ್ಬಲ ಎದುರಾಳಿಯ ಪಂದ್ಯವೇ ಆರಿಸಿಕೊಳ್ಳಿ, ಟಿಕೆಟ್ ಅಗ್ಗ, ಬ್ಯಾಂಡ್ ಅದೇ. ಮೊಣಕಾಲು ನೋವಿದ್ದರೆ ಕೆಳಗಿನ ಸಾಲಿನ ಸೀಟು ಹುಡುಕಲು ಮಗಳಿಗೆ ಹೇಳಿ, ಮೆಟ್ಟಿಲು ಜಾಸ್ತಿ. ವಿದ್ಯಾರ್ಥಿಗಳ ಭಾಗದಲ್ಲಿ ಯಾರೂ ಕೂರುವುದಿಲ್ಲ, ಅಲ್ಲಿ ಬೇಡ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಸಸ್ಯಾಹಾರಿಗಳಾದರೆ ಮುಂಚೆಯೇ ತಿಂದು ಹೋಗಿ, ಆಟ ಮೂರೂವರೆ ಗಂಟೆ ಹಿಡಿಯುತ್ತದೆ. ಮೂರನೇ ಡೌನ್ ಬಂದಾಗ ಚೆಂಡನ್ನು ನೋಡಬೇಡಿ, ಹಿಂದೆ ನಿಂತ ಆ ಇಬ್ಬರು ಸೇಫ್ಟಿಗಳನ್ನು ನೋಡಿ.

ಮಿಷಿಗನ್ ಪಂದ್ಯ ನವೆಂಬರ್ ಕೊನೆಯ ಶನಿವಾರ, ಅಷ್ಟರಲ್ಲಿ ನೀವು ಹಾಸನಕ್ಕೆ ವಾಪಸ್ ಬಂದಿರುತ್ತೀರಿ. ಅದು ಸಾಮಾನ್ಯವಾಗಿ ಅಲ್ಲಿಯ ಮಧ್ಯಾಹ್ನ 12ಕ್ಕೆ ಶುರು, ನಮಗೆ ರಾತ್ರಿ 10:30. ಮುಗಿಯುವಾಗ 2 ಗಂಟೆ ಆಗುತ್ತದೆ. ಮರುದಿನ ಭಾನುವಾರ, ತೊಂದರೆ ಇಲ್ಲ.